ಅಂಚಿನಲ್ಲಿ ಅಂಕಿಗಳಿಲ್ಲ

“ಬೋಳು,” ಎಂದರು ಇನ್ಸ್‌ಪೆಕ್ಟರು. “ಪೂರ್ತಿ ಬೋಳು ಕಣಮ್ಮಾ. ಇದಕ್ಕಿಂತ ನನ್ನ ತಲೆಯೇ ವಾಸಿ.”

ಅವರು ಕಿಟಕಿಯ ಬೆಳಕಿಗೆ ಹಿಡಿದಿದ್ದ ಫಿಲ್ಮಿನಿಂದ ನೀರು ತೊಟ್ಟಿಕ್ಕಿ ಅವರದೇ ಬೂಟಿನ ಮೇಲೆ ಬೀಳುತ್ತಿತ್ತು. ಹತ್ತಿರ ಹತ್ತಿರ ಮಾರುದ್ದದ ಫಿಲ್ಮು, ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಹಾಗೆ ತಿಳಿ. ಅದರೊಳಗಿಂದ ಎದುರು ಮನೆಯ ಮಹಡಿ ಕಾಣುತ್ತಿತ್ತು, ಅಲ್ಲಿ ಒಣಹಾಕಿದ್ದ ಬೆಡ್‌ಶೀಟು ಕಾಣುತ್ತಿತ್ತು, ಬೆಡ್‌ಶೀಟಿನ ಹೂಗಳೂ ಕಾಣುತ್ತಿದ್ದವು. ಯಾವುದೂ ಕಾಣಬಾರದಿತ್ತು.

ನನ್ನ ತಮ್ಮ ಲಾಕಪ್ಪಿಗೆ ಹೋಗಿ ಅವತ್ತಿಗೆ ಮೂರು ದಿನ. ಅವನು ಲಿಫ್ಟ್ ಮೆಕ್ಯಾನಿಕ್ಕು. ಅವನು ನೋಡಿಕೊಳ್ಳುತ್ತಿದ್ದ ಕಟ್ಟಡದಲ್ಲೇ ಭಾನುವಾರ ಸಂಜೆ ನಾಲ್ಕೂವರೆಗೆ ಅಲ್ಲಿನ ಮ್ಯಾನೇಜರು ಐದನೇ ಮಹಡಿಯ ಲಿಫ್ಟ್ ಬಾಗಿಲಿನಿಂದ ಕೆಳಗೆ ಬಿದ್ದು ಸತ್ತಿದ್ದರು. ಲಿಫ್ಟು ಬಂದು ನಿಲ್ಲದೆ ಆ ಬಾಗಿಲು ತೆಗೆಯಬೇಕಾದರೆ ಒಂದು ಕೀಲಿ ಬೇಕು. ಇಡೀ ಕಟ್ಟಡಕ್ಕೆ ಅಂಥದ್ದು ಒಂದೇ. ಅದು ಸಿಕ್ಕಿದ್ದು ತಮ್ಮನ ಜೇಬಿನಲ್ಲಿ. “ನಾನು ರೈಲ್ವೆ ಸ್ಟೇಷನ್ನಲ್ಲಿ ಪಾರಿವಾಳದ ಫೋಟೋ ತೆಗೀತಿದ್ದೆ” ಅಂದವನು ಆಮೇಲೆ ಬಾಯಿ ಹೊಲಿದುಕೊಂಡು ಕೂತಿದ್ದ.

ರೈಲ್ವೆ ಸ್ಟೇಷನ್ನಿನ ಪಾರಿವಾಳಗಳು ಕೂರುವುದೇ ದೊಡ್ಡ ಗಡಿಯಾರದ ಮೇಲೆ. ಪಾರಿವಾಳ ಫೋಟೋದಲ್ಲಿ ಬಿದ್ದರೆ ಗಡಿಯಾರವೂ ಬೀಳಬೇಕು. ಅದರಲ್ಲಿ ನಾಲ್ಕೂವರೆ ಇದ್ದರೆ ನನ್ನ ತಮ್ಮ ಮನೆಗೆ. ಇಲ್ಲದಿದ್ದರೆ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಕೋರ್ಟಿಗೆ, ಅಲ್ಲಿಂದ ಜೈಲಿಗೆ.

ಅವನ ಕ್ಯಾಮೆರಾ, ಒಳಗಿನ ಫಿಲ್ಮಿನ ಸಮೇತ, ಎಂದಿನ ಹಾಗೆ ನನ್ನ ಬೀರುವಿನಲ್ಲಿ ಬೀಗದೊಳಗಿತ್ತು. ಅದಕ್ಕೇ ಇನ್ಸ್‌ಪೆಕ್ಟರನ್ನು ನಾನೇ ಕರೆಸಿದ್ದೆ. ಅಕ್ಕ ಹಿಂದುಗಡೆ ಏನೋ ಕೈಚಳಕ ಮಾಡಿದಳು ಅಂತ ನಾಳೆ ಯಾರೂ ಅನ್ನಬಾರದು. “ಬನ್ನಿ, ನನ್ನ ಮನೆಯಲ್ಲೇ ಕೂತ್ಕೊಳ್ಳಿ, ನಿಮ್ಮ ಕಣ್ಣೆದುರಿಗೇ ತೊಳೀತೀನಿ” ಅಂದಿದ್ದೆ. ಪೇಪರಿನ ಆಫೀಸಿನ ಡಾರ್ಕ್‌ರೂಮಿನಲ್ಲಿ ಮೂವತ್ತು ವರ್ಷ ಫಿಲ್ಮ್ ತೊಳೆದವಳು ನಾನು. ಈಗ ಅದೇ ಕೆಲಸ ಸ್ವಂತ ಬಚ್ಚಲುಮನೆಯಲ್ಲಿ.

“ನಿಮ್ಮ ತಮ್ಮ ಫೋಟೋನೇ ತೆಗೆದಿಲ್ಲ,” ಎಂದು ಇನ್ಸ್‌ಪೆಕ್ಟರು ಜೇಬಿನಿಂದ ವಿಟಮಿನ್ ಮಾತ್ರೆಯೊಂದನ್ನು ತೆಗೆದು ಬಾಯಿಗೆಸೆದುಕೊಂಡರು. ಅವರಿಗೆ ವರ್ಷವಿಡೀ ನೆಗಡಿ. ಪೊಲೀಸ್ ಸ್ಟೇಷನ್ನಿನಲ್ಲಿ ಅವರನ್ನು ಮಾತ್ರೆ ಸಾಹೇಬರು ಅನ್ನುತ್ತಾರಂತೆ. “ಖಾಲಿ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಕಥೆ ಕಟ್ಟಿದಾನೆ. ಪಾಪ, ನೀವು ನಂಬಿದ್ರಿ.”

“ಇಲ್ಲಿ ಕೊಡಿ ಅದನ್ನ.”

ಕನ್ನಡಕ ಏರಿಸಿಕೊಂಡು ಫಿಲ್ಮಿನ ಅಂಚನ್ನು ಬೆರಳಳತೆಯಲ್ಲಿ ನೋಡುತ್ತ ಬಂದೆ. ತುದಿ ಮುಟ್ಟುವಷ್ಟರಲ್ಲಿ ಎದೆಯ ಭಾರ ಇಳಿದು ಅಲ್ಲಿ ಸಿಟ್ಟು ಬಂದು ಕೂತಿತ್ತು.

“ಇನ್ಸ್‌ಪೆಕ್ಟರೇ, ಅಂಚಿನಲ್ಲಿ ಅಂಕಿಗಳೆಲ್ಲಿ?”

“ಯಾವ ಅಂಕಿ?”

“ಒಂದು, ಎರಡು, ಮೂರು ಅಂತ. ಪ್ರತಿ ಚಿತ್ರದ ಕೆಳಗೂ ಫ್ಯಾಕ್ಟರಿಯವರೇ ಬೆಳಕಿನಲ್ಲಿ ಬರೆದು ಕಳಿಸಿರ್ತಾರೆ. ಕ್ಯಾಮೆರಾಗೆ ಹಾಕದೇ ಇದ್ದರೂ ಅದು ಇರುತ್ತೆ. ಡೆವಲಪರ್‌ನಲ್ಲಿ ಅದ್ದಿದಾಗ ಕಪ್ಪಗೆ ಮೇಲೆ ಬರುತ್ತೆ. ನನ್ನ ತಮ್ಮ ಒಂದೂ ಫೋಟೋ ತೆಗೆದಿಲ್ಲ ಅಂತಲೇ ಇಟ್ಕೊಳ್ಳಿ, ಆಗ ಚಿತ್ರ ಇರಲ್ಲ, ಅಂಕಿ ಇರಬೇಕು. ಇಲ್ಲಿ ಅಂಕಿಯೂ ಇಲ್ಲ.”

“ಅಂದ್ರೆ?”

“ಅಂದ್ರೆ ನಾನು ಮೊದಲು ಸುರಿದದ್ದು ಡೆವಲಪರ್ ಅಲ್ಲ.”

ಅವರ ಮಾತ್ರೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು. ನಾನು ಬಚ್ಚಲಿನ ಕಟ್ಟೆಯ ಮೇಲಿದ್ದ ಬಾಟಲಿಗಳ ಹತ್ತಿರ ಹೋದೆ. ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್ ಇದ್ದದ್ದನ್ನು ಎತ್ತಿ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಅದರ ಲೇಬಲ್ ಓದಿದೆ. ನನ್ನದೇ ಕೈಬರಹ: ಫಿಕ್ಸರ್. ಮೂರು ಬ್ಯಾಂಡ್ ಇದ್ದದ್ದರ ಮೇಲೆ: ಡೆವಲಪರ್.

ಚಿತ್ರವನ್ನು ಹುಟ್ಟಿಸುವುದು ಡೆವಲಪರ್. ಹುಟ್ಟಿದ್ದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ತೊಳೆದು ಹಾಕುವುದು ಫಿಕ್ಸರ್. ಹುಟ್ಟುವ ಮೊದಲೇ ಫಿಕ್ಸರ್ ಸುರಿದರೆ ಉಳಿಸುವುದಕ್ಕೆ ಏನೂ ಇರುವುದಿಲ್ಲ, ಎಲ್ಲವೂ ತೊಳೆದುಹೋಗುತ್ತದೆ. ನಾನು ನನ್ನ ಕೈಯಾರೆ ಸುರಿದಿದ್ದೆ.

“ಲೇಬಲ್ ಇಷ್ಟು ದಪ್ಪಕ್ಕೆ ಇದೆಯಲ್ಲಮ್ಮಾ! ಓದಲಿಲ್ವಾ?”

“ಕತ್ತಲೆ ಕೋಣೇಲಿ ಲೇಬಲ್ ಯಾರು ಸಾರ್ ಓದ್ತಾರೆ? ಒಂದು ಬ್ಯಾಂಡು ಡೆವಲಪರ್, ಎರಡು ನೀರು, ಮೂರು ಫಿಕ್ಸರ್. ಬೆರಳು ಓದುತ್ತೆ. ಮನೇಲಿ ಲೈಟ್ ಹಾಕ್ಕೊಂಡೇ ಸುರೀತೀನಿ, ಆದರೂ ನೋಡೋದು ಬೆರಳೇ. ಅಭ್ಯಾಸ.”

“ವಾಸನೆ?”

“ನನ್ನ ಮೂಗು ನನಗಿಂತ ಮೊದಲೇ ರಿಟೈರಾಯ್ತು. ಕೈಗೆ ಅಲರ್ಜಿ ಅಂತ ಗ್ಲೋವ್ಸ್ ಬೇರೆ. ಇಲ್ಲದಿದ್ರೆ ಮುಟ್ಟಿದ ತಕ್ಷಣ ಗೊತ್ತಾಗೋದು, ಡೆವಲಪರ್ ಸೋಪಿನ ಹಾಗೆ ಜಾರುತ್ತೆ.”

ಯಾರೋ ಬ್ಯಾಂಡುಗಳನ್ನು ಅದಲುಬದಲು ಮಾಡಿದ್ದರು. ನನ್ನ ಬೆರಳಿನ ಅಭ್ಯಾಸ ಬಲ್ಲವರು.

“ಈ ಬ್ಯಾಂಡಿನ ಲೆಕ್ಕ ಯಾರಿಗೆಲ್ಲ ಗೊತ್ತು?”

“ನನಗೆ. ನಾನು ಕಲಿಸಿದ್ದರಿಂದ ನನ್ನ ತಮ್ಮನಿಗೆ.”

“ತಮ್ಮ ನನ್ನ ಲಾಕಪ್ಪಲ್ಲಿದಾನೆ,” ಎಂದು ಅವರು ಮೆಲ್ಲಗೆ ನಕ್ಕರು. “ಹಾಗಾದ್ರೆ ಉಳಿದದ್ದು ಯಾರು? ಫೋಟೋದಲ್ಲಿ ಏನೋ ಬೇಡದ್ದಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಪೊಲೀಸರನ್ನೇ ಸಾಕ್ಷಿಗೆ ಕೂರಿಸ್ಕೊಂಡು ಹಾಳು ಮಾಡಿದ್ರಿ. ಚೆನ್ನಾಗಿದೆ ನಾಟಕ.”

ಮೈಯೆಲ್ಲ ಉರಿದುಹೋಯಿತು. “ನಾಟಕ ಆಡೋಳಾಗಿದ್ರೆ ಅಂಕಿ ಇಲ್ಲ ಅಂತ ನಾನೇ ಯಾಕ್ರೀ ಬಾಯಿ ಬಿಡ್ತಿದ್ದೆ? ಬೋಳು ಅಂದಾಗಲೇ ಅತ್ತುಕೊಂಡು ಸುಮ್ಮನಾಗ್ತಿದ್ದೆ.”

ಮಾತಿನಲ್ಲಿ ಸೋತಾಗ ಅಧಿಕಾರದಲ್ಲಿರುವವರು ಮಾಡುವುದನ್ನೇ ಅವರೂ ಮಾಡಿದರು. ಎಲ್ಲ ಬಾಟಲಿಗಳನ್ನೂ ಚೀಲಕ್ಕೆ ಹಾಕಿ ಸೀಲು ಒತ್ತಿದರು. ಕಪಾಟಿನಲ್ಲಿದ್ದ ಪೌಡರಿನ ಪೊಟ್ಟಣಗಳೂ ಹೋದವು.

ಆಗಲೇ ತಮ್ಮನ ಹೆಂಡತಿ ಮಹಡಿ ಇಳಿದು ಬಂದದ್ದು. ಅವರಿಬ್ಬರೂ ಮೇಲಿನ ಮನೆಯಲ್ಲೇ ಇರುವುದು. ಸತ್ತ ಮ್ಯಾನೇಜರ ಆಫೀಸಿನಲ್ಲೇ ಅವಳಿಗೆ ಟೈಪಿಸ್ಟ್ ಕೆಲಸ. ಭಾನುವಾರವಿಡೀ ಮನೆಯಲ್ಲೇ ಇದ್ದೆ, ಮೀನಿನ ತೊಟ್ಟಿ ತೊಳೆಯುತ್ತಿದ್ದೆ ಅಂತ ಪೊಲೀಸರಿಗೆ ಬರೆದುಕೊಟ್ಟಿದ್ದಳು. ಮೂರು ದಿನದಲ್ಲಿ ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು.

“ಬಂತಾ ಅಕ್ಕಾ?”

“ಇಲ್ಲ ಕಣೇ. ಎಲ್ಲ ಹಾಳಾಯ್ತು.”

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟಳು. “ಹೋಗಲಿ ಬಿಡಿ. ಅವರೇ ಲಾಯರ್ ಹತ್ರ ಹೇಳಿ ಕಳಿಸಿದ್ರಲ್ಲ, ಹಳೇ ಫಿಲ್ಮು, ಏನೂ ಬರಲ್ಲ, ತೊಳೀಬೇಡಿ ಅಂತ.”

ಹೌದು, ಹೇಳಿ ಕಳಿಸಿದ್ದ. ನನಗೆ ಹಟ ಹತ್ತಿದ್ದೇ ಆ ಮಾತಿಗೆ. ಇಪ್ಪತ್ತು ವರ್ಷ ಹಳೆಯ ಫಿಲ್ಮಿನಿಂದಲೂ ಮುಖ ಎಬ್ಬಿಸಿದವಳಿಗೆ ಅವನು ಬುದ್ಧಿ ಹೇಳುವುದೇ?

“ಪೂರ್ತಿ ಹಾಳಾಗಿಲ್ಲ,” ಎಂದೆ.

ಇಬ್ಬರೂ ನನ್ನತ್ತ ತಿರುಗಿದರು. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪುಟ್ಟ ಕಪ್ಪು ಡಬ್ಬಿ ತೆಗೆದೆ.

“ಬೆಳಿಗ್ಗೆ ನೀವು ಬರೋ ಮೊದಲು ಫಿಲ್ಮನ್ನ ರೀಲಿಗೆ ಸುತ್ತಿದೆ. ರೀಲು ಸರಿಯಾಗಿ ಒಣಗಿರಲಿಲ್ಲ. ಒದ್ದೆ ರೀಲಿಗೆ ಫಿಲ್ಮ್ ಅಂಟ್ಕೊಂಡು ನಿಂತುಬಿಡುತ್ತೆ. ಕೊನೇ ಒಂದು ಗೇಣು ಹತ್ತಲೇ ಇಲ್ಲ. ಕತ್ತಲಲ್ಲೇ ಕತ್ತರಿಸಿ ಇದಕ್ಕೆ ಹಾಕಿಟ್ಟೆ. ಐದು ಚಿತ್ರ ಇರಬಹುದು, ಕಟ್ಟಕಡೇಲಿ ತೆಗೆದದ್ದು.”

“ಇದನ್ನ ಈಗ ಹೇಳ್ತಿದೀರಾ?”

“ಮೂವತ್ತು ವರ್ಷ ಕೆಲಸ ಮಾಡಿದೋಳು ಒದ್ದೆ ರೀಲಿಗೆ ಫಿಲ್ಮ್ ಸುತ್ತಿದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಲ್ವಾ ಸಾರ್?”

ಅವರು ಕೈ ಚಾಚಿದರು. “ಕೊಡಿ. ನಮ್ಮ ಲ್ಯಾಬಿಗೆ ಕಳಿಸ್ತೀನಿ.”

“ನಿಮ್ಮ ಲ್ಯಾಬಿನಿಂದ ಉತ್ತರ ಬರೋಕೆ ಎಷ್ಟು ದಿನ?”

“ಎರಡು ತಿಂಗಳು ಹಿಡೀಬಹುದು.”

“ಕೋರ್ಟು ಹನ್ನೆರಡಕ್ಕೆ. ಈಗ ಗಂಟೆ ಹತ್ತೂ ಕಾಲು.” ನಾನು ಡಬ್ಬಿಯ ಮುಚ್ಚಳದ ಮೇಲೆ ಹೆಬ್ಬೆರಳಿಟ್ಟೆ. “ಬಲವಂತ ಮಾಡಿದ್ರೆ ಈಗಲೇ ತೆಗೀತೀನಿ. ಬೆಳಕು ಬಿದ್ದ ಮೇಲೆ ಇದು ನಿಮಗೂ ಇಲ್ಲ, ನನಗೂ ಇಲ್ಲ.”

“ಬೆದರಿಸ್ತಿದೀರಾ?”

“ಹೌದು.”

ಹಾಗೆ ಮುಖಕ್ಕೆ ಹೊಡೆದ ಹಾಗೆ ಹೌದು ಅನ್ನುತ್ತೇನೆಂದು ಅವರು ಎಣಿಸಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. “ತೊಳೀರಿ ನೋಡೋಣ. ಯಾವುದರಲ್ಲಿ ತೊಳೀತೀರಿ? ಬಾಟಲಿ ಎಲ್ಲ ನನ್ನ ಚೀಲದಲ್ಲಿವೆ.”

“ಅಡುಗೆಮನೆಗೆ ಸೀಲ್ ಹಾಕಿಲ್ಲವಲ್ಲ!”

ಅಲ್ಲಿಂದ ಇನ್‌ಸ್ಟಂಟ್ ಕಾಫಿ ಪುಡಿಯ ಸೀಸೆ ತಂದೆ, ಬಟ್ಟೆ ಒಗೆಯುವ ಸೋಡಾ ತಂದೆ. ಮೂರನೆಯದು ನನ್ನ ಹತ್ತಿರ ಇರಲಿಲ್ಲ.

“ಸಾರ್, ನಿಮ್ಮ ಮಾತ್ರೆ ಕೊಡಿ.”

“ಏನು?”

“ವಿಟಮಿನ್ ಸಿ ತಾನೇ? ಹತ್ತು ಬೇಕು.”

“ಕಾಫಿಯಲ್ಲಿ ಫೋಟೋ ತೊಳೀತೀರಾ? ತಲೆ ಸರಿ ಇದೆಯಾ?”

“ಪೇಪರಿನಲ್ಲಿ ಒಂದು ಸಲ ಔಷಧಿ ಸಪ್ಲೈ ನಿಂತಾಗ ಹದಿನೈದು ದಿನ ಕ್ಯಾಂಟೀನಿನ ಕಾಫೀಲೇ ನಡೆಸಿದೀವಿ. ನೀವು ಓದಿದ ಪೇಪರೇ ಇರಬೇಕು ಅದು.”

ಗೊಣಗುತ್ತಲೇ ಹತ್ತು ಮಾತ್ರೆ ಎಣಿಸಿ ಕೊಟ್ಟರು. ಕುಟ್ಟಿ ಪುಡಿ ಮಾಡಿದೆ. ಸೋಡಾ ಮೊದಲು, ಆಮೇಲೆ ಮಾತ್ರೆ ಪುಡಿ, ಕೊನೆಗೆ ಕಾಫಿ. ಫ್ರಿಜ್ಜಿನ ನೀರು ಬೆರೆಸಿ ಇಪ್ಪತ್ತು ಡಿಗ್ರಿಗೆ ತಂದೆ. ಕದಡಿದಾಗ ಎದ್ದ ವಾಸನೆಗೆ ನೆಗಡಿಯ ಇನ್ಸ್‌ಪೆಕ್ಟರೂ ಕರವಸ್ತ್ರ ತೆಗೆದರು. ನನ್ನ ಮೂಗು ಸತ್ತದ್ದು ಅವತ್ತು ಒಳ್ಳೆಯದಾಯಿತು.

“ಹೋಗೇ, ನಿನ್ನ ಹೈಪೋ ಡಬ್ಬಿ ತಗೊಂಡು ಬಾ,” ಎಂದೆ ತಮ್ಮನ ಹೆಂಡತಿಗೆ. ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ಆಗದು ಅಂತ ತೊಟ್ಟಿಗೆ ಅವಳು ಹಾಕುವ ಹರಳು ಅದು. ಫಿಕ್ಸರಿನ ಒಳಗಿರುವುದೂ ಅದೇ.

“ಮುಗಿದು ಹೋಯ್ತು ಅಕ್ಕಾ.”

“ಮೊನ್ನೆ ತಾನೇ ಡಬ್ಬಿ ತುಂಬ ಇತ್ತಲ್ಲೇ?”

“ಬಿಡಿ ಅಕ್ಕಾ, ಲಾಯರು ನೋಡ್ಕೋತಾರೆ. ಈ ಕಾಫೀಲಿ ಬರೋದು ಅಷ್ಟರಲ್ಲೇ ಇದೆ.”

“ನಾನೇ ಹೋಗಿ ತರ್ಲಾ?”

ಅವಳು ಮೆಟ್ಟಿಲು ಹತ್ತಿದಳು. ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುವ ಸದ್ದು ಕೇಳುತ್ತಿತ್ತು. ಗಂಡನ ಯೋಚನೆ, ಕಾಲು ಬರುತ್ತಿಲ್ಲ ಅಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ತೋಳಿರುವ ಕಪ್ಪು ಚೀಲದೊಳಗೆ ಎರಡೂ ಕೈ ಹಾಕಿ, ಈ ಸಲ ಚೆನ್ನಾಗಿ ಒಣಗಿದ ಇನ್ನೊಂದು ರೀಲಿಗೆ ಆ ತುಂಡನ್ನು ಸುತ್ತಿದೆ. ಬೆಳಕು ನುಗ್ಗದ ಟ್ಯಾಂಕಿಗೆ ಇಳಿಸಿ ಮುಚ್ಚಳ ತಿರುಗಿಸಿದೆ. ಕಾಫಿ ಸುರಿದೆ.

“ಹದಿನೈದು ನಿಮಿಷ. ನಿಮಿಷಕ್ಕೆ ಮೂರು ಸಲ ತಲೆಕೆಳಗು ಮಾಡ್ಬೇಕು. ಗಡಿಯಾರ ನೀವೇ ನೋಡಿ.”

“ಒಂದು ವಿಷಯ ಹೇಳಿ,” ಎಂದರು ಅವರು, ಗಡಿಯಾರದಿಂದ ಕಣ್ಣು ತೆಗೆಯದೆ. “ಇದರಲ್ಲಿ ನಿಮ್ಮ ತಮ್ಮನಿಗೆ ಮುಳುವಾಗೋದೇ ಬಂದ್ರೆ?”

“ಬರಲ್ಲ.”

“ಬಂದ್ರೆ?”

“ಏನು ಬಂದರೂ ನಿಮ್ಮ ಕೈಗೇ ಕೊಡ್ತೀನಿ. ಪೇಪರಿನಲ್ಲಿದ್ದಾಗ ಒಬ್ಬ ದೊಡ್ಡ ಮನುಷ್ಯ ನಮ್ಮ ಆಫೀಸಿಗೇ ಬಂದು, ಒಂದೇ ಒಂದು ಫ್ರೇಮು ಉಜ್ಜಿಬಿಡಮ್ಮ, ಒದ್ದೆ ಇದ್ದಾಗ ಹೆಬ್ಬೆರಳು ಎಳೆದ್ರೆ ಸಾಕಂತಲ್ಲ ಅಂದ. ನಾನು ಅವನ ಎದುರಿಗೇ ದೊಡ್ಡದಾಗಿ ಪ್ರಿಂಟು ಹಾಕಿ ಕೊಟ್ಟೆ. ನನ್ನನ್ನ ಒಂದು ವರ್ಷ ಗೋಡೌನಿಗೆ ಹಾಕಿದ್ರು. ಹಾಕ್ಲಿ.”

ತಮ್ಮನ ಹೆಂಡತಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾ, ಮಧ್ಯದಲ್ಲಿ ನಿಲ್ಲಿಸಿದ್ರೆ ಏನಾಗುತ್ತೆ?”

“ಹಾಳಾಗುತ್ತೆ. ಯಾಕೆ?”

“ಸುಮ್ಮನೆ ಕೇಳಿದೆ.”

“ಹದಿನೈದಾಯ್ತು,” ಎಂದರು ಇನ್ಸ್‌ಪೆಕ್ಟರು.

ಕಾಫಿ ಚೆಲ್ಲಿ ನೀರು ಹಾಯಿಸಿ, ಅವಳು ಹಿಡಿದಿದ್ದ ಡಬ್ಬಿಯಿಂದ ಹರಳು ತೆಗೆದು ಕರಗಿಸಿದ ಹೈಪೋ ನೀರು ಸುರಿದೆ. ಹತ್ತು ನಿಮಿಷ ಕಾದೆ. ಮುಚ್ಚಳ ತೆಗೆದು ರೀಲಿನಿಂದ ಬಿಡಿಸುವಾಗ ನನಗೆ ಮೊದಲು ಕಂಡದ್ದು ಅಂಚು.

“ಅಂಕಿ!” ಎಂದು ಕೂಗಿದೆ. “ನೋಡ್ರೀ, ಅಂಕಿ! ಮೂವತ್ತೆರಡು, ಮೂವತ್ತಮೂರು!”

ಇನ್ಸ್‌ಪೆಕ್ಟರು ಎದ್ದು ಬಂದು ಭುಜದ ಮೇಲಿನಿಂದ ಬಗ್ಗಿದರು. ಅವರಿಗೆ ಕಂಡದ್ದು ಕಂದು ಬಣ್ಣದ ಕಲೆಗಳು. ನೆಗೆಟಿವ್ ಓದುವುದಕ್ಕೆ ಕಣ್ಣು ಪಳಗಿರಬೇಕು. ಅದರಲ್ಲಿ ಆಕಾಶ ಕಪ್ಪು, ಕೂದಲು ಬಿಳಿ, ಕತ್ತಲೆಯೇ ತಿಳಿ.

“ಗಡಿಯಾರ ಇದೆಯಾ?”

“ಇದೆ. ಮೂವತ್ತೆರಡರಲ್ಲೂ ಇದೆ, ಮೂವತ್ತಮೂರರಲ್ಲೂ ಇದೆ. ಪಾರಿವಾಳ ಸಾಲಾಗಿ ಕೂತಿವೆ.”

“ಗಂಟೆ?”

ಕರಿಯ ತಟ್ಟೆಯ ಮೇಲೆ ಬಿಳಿ ಮುಳ್ಳುಗಳು. ಎರಡೆರಡು ಸಲ ನೋಡಿದೆ. “ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇದೆ.”

“ಸ್ಟೇಷನ್ನಿಂದ ಆ ಕಟ್ಟಡಕ್ಕೆ ನಡೆದರೆ ಕಾಲು ಗಂಟೆ,” ಎಂದರು ಅವರು. “ಸಾಲದಲ್ಲಮ್ಮಾ ಇದು.”

“ಸಾಲದು.”

ಮೂವತ್ತನಾಲ್ಕರಲ್ಲಿ ಬೀದಿ. ಆ ಕಟ್ಟಡದ ಮುಂಬಾಗಿಲು. ಬೆರಳು ತಾನಾಗಿಯೇ ಮೂವತ್ತೈದಕ್ಕೆ ಜಾರಿತು.

ಓಣಿಯಂಥ ಮಹಡಿ. ಕೊನೆಯಲ್ಲಿ ಲಿಫ್ಟಿನ ಬಾಗಿಲು ಬಾಯಿ ತೆರೆದಿತ್ತು. ಲಿಫ್ಟು ಇರಬೇಕಾದ ಕಡೆ ಕತ್ತಲೆ, ನೆಗೆಟಿವ್ವಿನಲ್ಲಿ ಅದು ತಿಳಿಯಾದ ತೂತು. ಆ ತೂತಿನೊಳಕ್ಕೆ ಮ್ಯಾನೇಜರು ಹಿಮ್ಮುಖವಾಗಿ ವಾಲಿದ್ದರು. ಅವರ ತೋಳನ್ನು ಒಂದು ಕೈ ಹಿಡಿದಿತ್ತು. ಕೈಯ ಹಿಂದೆ ಒಂದು ಮುಖ. ನಾನು ದಿನಾ ನೋಡುವ ಮುಖ, ಒಳಗು ಹೊರಗಾಗಿ. ಬಿಳಿ ಕೂದಲಿನ, ಕರಿ ಹಲ್ಲಿನ ತಮ್ಮನ ಹೆಂಡತಿ.

ಮೂವತ್ತಾರರಲ್ಲಿ ಅದೇ ಬಾಗಿಲು, ಅದೇ ಅವಳು. ಕೈ ಮುಂದೆ ಚಾಚಿದೆ, ಬೆರಳು ಬಿಡಿಸಿವೆ. ಎದುರಿಗೆ ಯಾರೂ ಇಲ್ಲ.

ಆ ಕೈ ತಳ್ಳಿದ್ದೋ, ಹಿಡಿದೆಳೆದದ್ದೋ? ಎಷ್ಟು ನೋಡಿದರೂ ಚಿತ್ರ ಹೇಳಲಿಲ್ಲ.

“ಉಳಿದದ್ದರಲ್ಲಿ ಏನಿದೆ?” ಎಂದರು ಇನ್ಸ್‌ಪೆಕ್ಟರು.

ಸುಳ್ಳು ಹೇಳಿದರೆ ಅವರಿಗೆ ತಿಳಿಯುತ್ತಿರಲಿಲ್ಲ. ಮೇಲ್ಪದರ ಇನ್ನೂ ಗಂಜಿಯಷ್ಟು ಮೆತ್ತಗಿತ್ತು. ಒಂದು ಸಲ ಹೆಬ್ಬೆರಳು ಎಳೆದಿದ್ದರೆ ಎರಡೂ ಚಿತ್ರ ಕೆಸರಾಗುತ್ತಿದ್ದವು. ನನ್ನ ಹೆಬ್ಬೆರಳು ಅಲ್ಲೇ, ಅದರ ಪಕ್ಕದಲ್ಲೇ ಇತ್ತು. ಅದಕ್ಕೆ ಅಂಥ ಅಭ್ಯಾಸ ಇರಲಿಲ್ಲ. ಈ ವಯಸ್ಸಿನಲ್ಲಿ ಕಲಿಸುವ ಮನಸ್ಸು ನನಗೂ ಬರಲಿಲ್ಲ.

ಫಿಲ್ಮಿನ ತುಂಡನ್ನು ತಂತಿಗೆ ಕ್ಲಿಪ್ ಹಾಕಿ ತೂಗುಬಿಟ್ಟೆ. “ಮೂವತ್ತೈದರಲ್ಲಿ ಮ್ಯಾನೇಜರು ಇದಾರೆ, ಇನ್ಸ್‌ಪೆಕ್ಟರೇ, ಮೂವತ್ತಾರರಲ್ಲಿ ಇಲ್ಲ. ಎರಡರಲ್ಲೂ ಇನ್ನೊಬ್ಬರು ಇದಾರೆ. ಆ ಇನ್ನೊಬ್ಬರು ತಾವಾಗೇ ಹೇಳ್ತಾರಾ, ಅಥವಾ ನಾನು ಹೇಳ್ಬೇಕಾ?”

ತಮ್ಮನ ಹೆಂಡತಿ ಹೈಪೋ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಬೆಳಗಿನಿಂದ ಗೋಡೆ ಹಿಡಿದುಕೊಂಡಿದ್ದವಳು ಈಗ ನೆಟ್ಟಗೆ ನಿಂತಿದ್ದಳು.

“ನಾನೇ,” ಎಂದಳು. “ಬ್ಯಾಂಡ್ ಬದಲಾಯಿಸಿದ್ದೂ ನಾನೇ. ಬ್ಯಾಂಡಿನ ಲೆಕ್ಕ ಇವರ ತಮ್ಮ ನನಗೆ ಮದುವೆಯಾದ ವರ್ಷವೇ ಹೇಳಿದ್ರು.”

ಇನ್ಸ್‌ಪೆಕ್ಟರು ಬಾಯಿಗಿಡಲು ತೆಗೆದಿದ್ದ ಮಾತ್ರೆ ಬೆರಳ ನಡುವೆಯೇ ಉಳಿಯಿತು. “ತಳ್ಳಿದ್ದು ನೀವು. ಅದಕ್ಕೇ ಗಂಡ ಬಾಯಿ ಬಿಡ್ತಿಲ್ಲ.”

“ತಳ್ಳಿದ್ದಾ?” ಅವಳು ನಕ್ಕಳು. ಅಂಥ ನಗು ಅವಳಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. “ಬಾಗಿಲು ಯಾಕೆ ತೆಗೆದಿತ್ತು, ನಾನು ಅಲ್ಲಿ ಯಾಕಿದ್ದೆ, ಎಲ್ಲ ಹೇಳ್ತೀನಿ, ಬರ್ಕೊಳ್ಳಿ. ಮೊದಲು ಇದನ್ನ ಬರ್ಕೊಳ್ಳಿ ಸಾರ್. ನಾನು ಆ ಮನುಷ್ಯನ್ನ ಒಂದು ಕೈಯಲ್ಲಿ ಹಿಡ್ಕೊಂಡಿದ್ದೆ. ಬನ್ರೀ, ಹಿಡ್ಕೊಳ್ರೀ ಅಂತ ಕಿರುಚ್ತಿದ್ದೆ. ನಮ್ಮೆಜಮಾನ್ರ ಎರಡೂ ಕೈ ಕ್ಯಾಮೆರಾ ಮೇಲಿತ್ತು.”

“ಸುಳ್ಳು!” ಎಂದೆ. ಎಷ್ಟು ಜೋರಾಗಿ ಎಂದರೆ ತಂತಿಯ ಮೇಲಿನ ಫಿಲ್ಮು ಅಲುಗಿದ ಹಾಗಾಯಿತು. “ಅವನನ್ನ ಎತ್ತಿ ಆಡಿಸಿದೋಳು ನಾನು. ಕ್ಯಾಮೆರಾ ಹಿಡಿಯೋದು ಕಲಿಸಿದೋಳೂ ನಾನೇ. ಅಂಥವನಲ್ಲ ಅವನು. ಸಾರ್, ನನ್ನನ್ನ ಈಗಲೇ ಲಾಕಪ್ಪಿಗೆ ಕರ್ಕೊಂಡು ಹೋಗಿ. ಅವನ ಮುಖ ನೋಡಿ ನಾನೇ ಕೇಳ್ತೀನಿ.”

“ಕೇಳಿ ಅಕ್ಕಾ,” ಎಂದಳು ಅವಳು. ದನಿ ಏರಲಿಲ್ಲ. “ಮೂವತ್ತೈದನೇದು ಗಾಬರೀಲಿ ಬೆರಳು ತಗುಲಿ ಬಿತ್ತು ಅಂತ ಹೇಳ್ತಾರೆ. ನಂಬಿ, ನಾನೂ ನಂಬಿದೆ. ಆಮೇಲೆ ಫಿಲ್ಮ್ ಮುಂದಕ್ಕೆ ತಿರುಗಿಸಿ ಮೂವತ್ತಾರನೇದು ಯಾಕೆ ತೆಗೆದೆ ಅಂತ ಮಾತ್ರ ಕೇಳಿ.”